ಬೆಸುಗೆಗೆ ಮುಂಚಿನ ಕಾವು

ಕೋವಿಡ್ ಹಾವಳಿ ಅಡಗಿದ ಮರುವರ್ಷದ ಮಾತು. ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ನಾನು ಪ್ರಾಧ್ಯಾಪಕಿಯಾಗಿದ್ದೆ. ಪಾಠ ಬಿಟ್ಟರೆ ನನ್ನ ಇನ್ನೊಂದು ಕೆಲಸ ಕಂಪ್ಯೂಟರಿನಲ್ಲಿ ವೆಲ್ಡಿಂಗ್ ಮಾಡುವುದು. ಹೀಗೆಂದರೆ ಕೇಳಿದವರು ನಗುತ್ತಾರೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಮುಖಕ್ಕೆ ಕಪ್ಪು ಗಾಜಿಲ್ಲ. ಆದರೂ ಉಕ್ಕು ಕರಗುತ್ತದೆ, ಆರುತ್ತದೆ, ಸೊಟ್ಟಗಾಗುತ್ತದೆ. ಎಲ್ಲವೂ ಅಂಕಿಗಳಲ್ಲಿ.

ನಾನು ದಿನಚರಿ ಬರೆಯುವವಳು. ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದಲೇ ಬರೆಯುತ್ತೇನೆ. ಈ ಪ್ರಕರಣವನ್ನು ಈಗ ಹೇಳುವಾಗಲೂ ನನ್ನ ನೆನಪು ಒಂದು ಹೇಳುತ್ತದೆ, ದಿನಚರಿ ಇನ್ನೊಂದು. ಎರಡೂ ಬೇರೆಯಾದ ಕಡೆ ಹಾಗೆಂದು ತಿಳಿಸುತ್ತೇನೆ.

ಮದ್ದೂರಿನ ಆಚೆ ಕಬ್ಬು ಅರೆಯುವ ಒಂದು ಕಾರ್ಖಾನೆಯಲ್ಲಿ ಅಪಘಾತವಾಯಿತು. ಬಾಯ್ಲರಿನಿಂದ ಬರುವ ಹಬೆಯೆಲ್ಲ ಮೊದಲು ಒಂದು ದಪ್ಪ ಪೈಪಿಗೆ ಬಂದು ಸೇರುತ್ತದೆ, ಅಲ್ಲಿಂದ ಕವಲೊಡೆದು ಬೇರೆ ಬೇರೆ ಯಂತ್ರಗಳಿಗೆ ಹೋಗುತ್ತದೆ. ಆ ದಪ್ಪ ಪೈಪಿಗೆ ಹೆಡರ್ ಎನ್ನುತ್ತಾರೆ. ಅದರ ಒಂದು ಕವಲು ಬಿರುಕು ಬಿಟ್ಟಿತ್ತು. ಹೆಡರನ್ನು ಬಿಚ್ಚಿ ಗೆಜ್ಜಲಗೆರೆಯ ಒಂದು ಖಾಸಗಿ ವರ್ಕ್‌ಶಾಪಿಗೆ ತಂದರು. ಹಳೆಯ ಕವಲು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ನೀರಿನ ಒತ್ತಡ ಕೊಟ್ಟು ಪರೀಕ್ಷಿಸಿ, ಮತ್ತೆ ಕಾರ್ಖಾನೆಗೆ ಒಯ್ದು ಕೂರಿಸಿದರು. ಕೂರಿಸಿದವನು ಅದೇ ವರ್ಕ್‌ಶಾಪಿನ ಫಿಟ್ಟರ್ ಪುಟ್ಟಸ್ವಾಮಿ, ಕೆರಗೋಡಿನವನು. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಬೆಳಗ್ಗೆ ಹಬೆ ಹಾಯಿಸುವ ಹೊತ್ತಿಗೆ ಪುಟ್ಟಸ್ವಾಮಿ ಹೆಡರಿನ ಕೆಳಗೆ ನಿಂತು, ಮೇಲಿದ್ದವರಿಗೆ ಕೈ ಎತ್ತಿ, "ಸ್ಟೀಮ್ ಬುಡ್ರಪ್ಪಾ!" ಎಂದು ಕೂಗಿದನಂತೆ. ಮೇಲಿನವರು ವಾಲ್ವ್ ತಿರುಗಿಸಿದರು. ಹೆಡರ್ ಬಿಸಿಯೇರುತ್ತಿದ್ದಂತೆ ಹೊಸ ಬೆಸುಗೆ ಸುತ್ತಲೂ ಹರಿಯಿತು. ಕವಲು ಅದರ ವಾಲ್ವ್ ಸಮೇತ ಕಿತ್ತುಕೊಂಡು ಚಾವಣಿಯ ಶೀಟು ಸೀಳಿ ಹೊರಗೆ ಹಾರಿತು. ಅಷ್ಟು ಒತ್ತಡದ ಹಬೆ ಬಾಯಿಯ ಹತ್ತಿರ ಬೆಳ್ಳಗಿರುವುದಿಲ್ಲ, ಕಣ್ಣಿಗೇ ಕಾಣುವುದಿಲ್ಲ. ಪುಟ್ಟಸ್ವಾಮಿ ಓಡಿದ್ದು ಹಬೆಯ ಒಳಕ್ಕೇ. ಎಳೆದು ತಂದವರು ಅಂಗಿ ಬಿಚ್ಚಲು ಹೋದಾಗ ಅಂಗಿಯ ಜೊತೆಗೆ ಚರ್ಮವೂ ಬಂತು. ಮಂಡ್ಯದ ಆಸ್ಪತ್ರೆಯಲ್ಲಿ ಅವನು ಸಂಜೆಯವರೆಗೆ ಪ್ರಜ್ಞೆಯಲ್ಲಿದ್ದ, ನೀರು ಕೇಳುತ್ತಿದ್ದ. ಆಮೇಲೆ ಹೋದ.

ವರ್ಕ್‌ಶಾಪಿನ ಮೇಸ್ತ್ರಿ ಶಿವಲಿಂಗು ಪುಟ್ಟಸ್ವಾಮಿಯ ಸ್ವಂತ ಅಣ್ಣ. ತಮ್ಮನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಆ ಬೆಸುಗೆ ಹಾಕಿದ ವೆಲ್ಡರ್ ಮಹದೇವ, ಮಳವಳ್ಳಿ ಕಡೆಯ ಹಳ್ಳಿಯವನು. ಸುದ್ದಿ ಕೇಳಿ ಅವನು ಬೈಕಿನಲ್ಲಿ ಆಸ್ಪತ್ರೆಗೆ ಓಡಿ ಬಂದ. ಹೆಣ ಹೊರಗೆ ತರುವ ಹೊತ್ತಿಗೆ ಸರಿಯಾಗಿ ಬಂದು ನಿಂತ. ಶಿವಲಿಂಗು ಅಂಗಳದಲ್ಲಿ ಬಿದ್ದಿದ್ದ ಕಬ್ಬಿಣದ ಪೈಪು ಎತ್ತಿಕೊಂಡ. ಮೊದಲ ಏಟು ತಲೆಗೆ ಬೀಳಬೇಕಿತ್ತು. ಮಹದೇವ ಬಲಗೈ ಅಡ್ಡ ಹಿಡಿದ. ಆ ಕೈ ಎರಡು ಕಡೆ ಮುರಿಯಿತು. ಕೆಳಗೆ ಬಿದ್ದವನನ್ನು ಸಂಬಂಧಿಕರು ತುಳಿದರು. ಬೈಕಿಗೆ ಬೆಂಕಿ ಬಿತ್ತು. ಮರುದಿನ ಯಾರೋ ಅವನ ಹಳ್ಳಿಯ ತನಕ ಹೋಗಿ ಮನೆಯ ಹೆಂಚುಗಳನ್ನು ಕಲ್ಲಿನಿಂದ ಪುಡಿ ಮಾಡಿ ಬಂದರು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಮಹದೇವನ ಮೇಲೆ ಕೇಸಾಯಿತು, ಹೊಡೆದದ್ದಕ್ಕೆ ಶಿವಲಿಂಗುವಿನ ಮೇಲೆ. ಇಬ್ಬರೂ ಜಾಮೀನಿನ ಮೇಲೆ ಹೊರಬಂದರು. ಆಗ ತನಿಖಾಧಿಕಾರಿಯೊಬ್ಬರು ಹರಿದ ಬೆಸುಗೆಯ ಒಂದು ತುಂಡನ್ನು ಗೋಣಿಯಲ್ಲಿ ಸುತ್ತಿಕೊಂಡು ನನ್ನ ಕೊಠಡಿಗೆ ಬಂದರು.

"ಒಂದೇ ಪ್ರಶ್ನೆ ಮೇಡಂ. ವೆಲ್ಡಿಂಗಿಗೆ ಮುಂಚೆ ಪ್ರೀಹೀಟ್ ಕೊಟ್ಟಿದ್ದಾರಾ, ಇಲ್ವಾ?"

ಪ್ರೀಹೀಟ್ ಎಂದರೆ ಬೆಸುಗೆಗೆ ಮುಂಚೆ ಲೋಹಕ್ಕೆ ಕೊಡುವ ಕಾವು. ಆ ಹೆಡರ್ ಮಿಶ್ರಲೋಹದ ದಪ್ಪ ಉಕ್ಕು. ಅಂಥದ್ದನ್ನು ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಸುತ್ತಲಿನ ಲೋಹ ಕಾವನ್ನೆಲ್ಲ ಗಬಕ್ಕನೆ ಕುಡಿದುಬಿಡುತ್ತದೆ. ಕರಗಿದ ಜಾಗ ತಟ್ಟನೆ ಆರಿ ಗಾಜಿನಂತೆ ಪೆಡಸಾಗುತ್ತದೆ. ವೆಲ್ಡಿಂಗ್ ರಾಡಿನ ತೇವದಿಂದ ಬಂದ ಜಲಜನಕ ಅದರೊಳಗೆ ಸಿಕ್ಕಿಕೊಂಡು, ಆಮೇಲೆ ನಿಧಾನವಾಗಿ ಕೂದಲೆಳೆಯಂಥ ಬಿರುಕು ಹುಟ್ಟಿಸುತ್ತದೆ. ನೀರಿನ ಪರೀಕ್ಷೆಯಲ್ಲಿ ಅದು ತಡೆದುಕೊಂಡರೂ ಹಬೆಯ ಬಿಸಿ ತಗುಲಿದಾಗ ಬಾಯಿ ಬಿಡಬಹುದು. ಅದಕ್ಕೇ ಗ್ಯಾಸ್ ಟಾರ್ಚಿನಿಂದ ಜೋಡಣೆಯ ಸುತ್ತ ನೂರೈವತ್ತು ಡಿಗ್ರಿಯಷ್ಟು ಕಾಯಿಸಿ ಆಮೇಲೆ ವೆಲ್ಡ್ ಮಾಡಬೇಕು. ಕಾವು ಸಾಕಾಯಿತೇ ಎಂದು ನೋಡಲು ಒಂದು ಬಣ್ಣದ ಕಡ್ಡಿ ಇರುತ್ತದೆ. ಲೋಹಕ್ಕೆ ಗೀಚಿದಾಗ ಅದು ಕರಗಿದರೆ ಸಾಕಾಗಿದೆ ಎಂದು ಅರ್ಥ.

ವರ್ಕ್‌ಶಾಪಿನ ಗೋಡೆಗೆ ಅಂಟಿಸಿದ ಇಂಗ್ಲಿಷ್ ಸೂಚನೆಯಲ್ಲಿ ಪ್ರೀಹೀಟ್ ಕೊಡಬೇಕೆಂದಿತ್ತು. ಹಾಗಾಗಿ ನನ್ನ ಉತ್ತರ 'ಕೊಟ್ಟಿಲ್ಲ' ಎಂದಾದರೆ ಮಹದೇವ ಜೈಲಿಗೆ ಹೋಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಅಧಿಕಾರಿ ಅದನ್ನು ಮುಚ್ಚಿಡಲಿಲ್ಲ.

ನನ್ನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಹೊಸದಾಗಿ ಕಲಿಯುವವರು ಬೆಸುಗೆಯ ಇಡೀ ಗೆರೆಗೆ ಒಂದೇ ಸಲ ಶಾಖ ಹಾಕಿ ಲೆಕ್ಕ ಮಾಡುತ್ತಾರೆ. ಅದು ತಪ್ಪು. ಬೆಸುಗೆಯ ಶಾಖ ನಡೆಯುವ ಶಾಖ. ಬಟ್ಟೆಯ ಮೇಲೆ ಹರಿದಾಡುವ ಇಸ್ತ್ರಿ ಪೆಟ್ಟಿಗೆಯ ಹಾಗೆ, ಈ ಕ್ಷಣ ಇಲ್ಲಿದೆ, ಮರುಕ್ಷಣ ಮುಂದಿದೆ. ಅದು ಬರುವ ಮುಂಚೆ ಲೋಹ ಎಷ್ಟು ಬಿಸಿಯಿತ್ತು, ದಾಟಿದ ಮೇಲೆ ಎಷ್ಟು ಬೇಗ ಆರಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ಸಾಫ್ಟ್‌ವೇರಿಗೆ ಪ್ರತಿ ಕ್ಷಣವೂ ಶಾಖ ಎಲ್ಲಿದೆ, ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಸರಿಯುತ್ತಿದೆ ಎಂದು ಸೂತ್ರವಾಗಿ ಬರೆದು ಕೊಡಬೇಕು. ಶಾಖದ ಆಕಾರ ಮೊಟ್ಟೆಯದು. ಮುಂಭಾಗ ಮೊಂಡು, ಹಿಂಭಾಗ ನೀಳ. ಹೆಡರಿನ ಬೆಸುಗೆ ದುಂಡಗಿದ್ದುದರಿಂದ ಆ ಮೊಟ್ಟೆ ಕವಲಿನ ಬುಡವನ್ನು ಸುತ್ತು ಹಾಕುತ್ತಾ, ಪ್ರತಿ ಸುತ್ತಿಗೂ ಒಂದು ಪದರ ಹೊಸ ಲೋಹ ಸೇರಿಸುತ್ತಾ ಹೋಗುವಂತೆ ಮಾಡಿದೆ. ಒಮ್ಮೆ ಪ್ರೀಹೀಟ್ ಕೊಟ್ಟು ಓಡಿಸಿದೆ. ಇನ್ನೊಮ್ಮೆ ಕೊಡದೆ. ಪರದೆಯ ಮೇಲೆ ಕೆಂಪು ಚುಕ್ಕೆ ತಿರುಗುತ್ತಿತ್ತು. ಗೋಣಿಯಲ್ಲಿ ಬಂದಿದ್ದ ತುಂಡಿನಲ್ಲಿ ನೀಲಿ ನೂಲಿನ ಒಂದು ಎಳೆ ಸಿಕ್ಕಿಕೊಂಡಿತ್ತು, ಪುಟ್ಟಸ್ವಾಮಿಯ ಅಂಗಿಯದೇ ಇರಬೇಕು. ಅದನ್ನು ಚಿಮುಟದಿಂದ ತೆಗೆದು ಒಂದು ಕವರಿನಲ್ಲಿ ಇಟ್ಟೆ, ಯಾಕೆಂದು ಗೊತ್ತಿಲ್ಲ.

ತುಂಡನ್ನು ಕತ್ತರಿಸಿ, ಉಜ್ಜಿ, ಗಡಸುತನ ಅಳೆದೆವು. ಬೆಸುಗೆಯ ಅಂಚಿನಲ್ಲಿ ಪೆಡಸಾದ ಪಟ್ಟಿ ಸ್ಪಷ್ಟವಾಗಿತ್ತು. ಪ್ರೀಹೀಟ್ ಇಲ್ಲದ ಲೆಕ್ಕ ಎಲ್ಲಿ ಪೆಡಸು ತೋರಿಸಿತ್ತೋ ಅಲ್ಲೇ ಇತ್ತು. ಅನುಮಾನಕ್ಕೆ ಎಡೆಯಿರಲಿಲ್ಲ. ಕಾವು ಕೊಟ್ಟಿರಲಿಲ್ಲ.

ವರ್ಕ್‌ಶಾಪಿನ ಮಾಲೀಕರು ಕಾಲೇಜಿಗೇ ಬಂದರು. "ಇನ್ನೊಂದೇ ಸಾಲು ಸೇರಿಸಿಬಿಡಿ ಮೇಡಂ. ವೆಲ್ಡರ್ ನಿರ್ಲಕ್ಷ್ಯ ಅಂತ. ಎಲ್ರಿಗೂ ಒಳ್ಳೇದು. ಆ ಹುಡುಗನ ಆತ್ಮಕ್ಕೂ ಶಾಂತಿ."

"ಲೆಕ್ಕ ಹೇಳೋದು ಲೋಹಕ್ಕೆ ಏನಾಯ್ತು ಅಂತ. ಯಾಕಾಯ್ತು ಅಂತ ಅದಕ್ಕೆ ಗೊತ್ತಿಲ್ಲ."

"ಯಾಕೆ ಅಂತ ನಿಮಗೂ ಬೇಡ ಬಿಡಿ," ಎಂದು ನಕ್ಕು ಎದ್ದು ಹೋದರು.

ಬೇಡವಾಗಿತ್ತೋ ಏನೋ. ಆದರೆ ನನಗೆ ವೆಲ್ಡಿಂಗಿನ ವೇಗ ಬೇಕಿತ್ತು. ಗೋಡೆಯ ಸೂಚನೆಯಲ್ಲಿದ್ದ ವೇಗ ಹಾಕಿ ಲೆಕ್ಕ ಮಾಡಿದ್ದೆ, ಅವತ್ತು ಮಹದೇವನ ಕೈ ಓಡಿದ ವೇಗವಲ್ಲ. ಅದಕ್ಕಾಗಿ ಅವನ ಮನೆಗೆ ಹೋದೆ. ಹೆಂಚಿನ ಬದಲು ಟಾರ್ಪಾಲು ಹೊದಿಸಿದ್ದರು. ಅವನ ಕೈಯಲ್ಲಿ ಭುಜದ ತನಕ ಪ್ಲಾಸ್ಟರ್. ಹೆಂಡತಿ ಜಯಮ್ಮ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಂಪ್ಯೂಟ್ರಲ್ಲಿ ಬೆಂಕಿ ಅಚ್ತೀರಂತಲ್ಲ ಮೇಡಮ್ಮ, ಅದು ಸುಡ್ತದಾ?"

"ಇಲ್ಲಮ್ಮ."

"ಇಲ್ನೋಡಿ, ಇದು ಸುಟ್ಟದೆ," ಎಂದು, ಆಸ್ಪತ್ರೆಯಿಂದ ತಂದು ಅಂಗಳದ ಮೂಲೆಯಲ್ಲಿ ಹಾಕಿದ್ದ ಕರಕಲು ಬೈಕು ತೋರಿಸಿದಳು. "ಒಳೀಕೆ ಬನ್ನಿ. ನಿಮ್ಗೂ ಒಡೀತಾರೆ ಆಮೇಲೆ, ನಮ್ಮನೆ ಬಾಗ್ಲಲ್ಲಿ ನಿಂತಿದ್ರೆ."

ಮಹದೇವ ಮಾತಿಗೆ ಸಿಗುವ ಮನುಷ್ಯನಲ್ಲ. ಪ್ರೀಹೀಟ್ ಕೊಟ್ಟೆಯಾ ಎಂದು ಕೇಳಿದಾಗ ತಲೆ ತಗ್ಗಿಸಲಿಲ್ಲ. "ಕೊಡ್ತಿದ್ದೆ. ಟಾರ್ಚು ಅಚ್ಚಿ ಇಡ್ಕೊಂಡಿದ್ದೆ. ಮೇಸ್ತ್ರಿ ಬಂದು ಕಾವು ಬ್ಯಾಡ ಅಂದ್ರು. ಆರ್ಸ್ಬುಟ್ಟು ವೆಲ್ಡಿಂಗ್ ಸುರು ಮಾಡ್ದೆ."

"ಬೇಡ ಅಂದ್ರೆ ಯಾಕೆ ಅಂತ ಕೇಳಲಿಲ್ವಾ?"

"ಗ್ರೈಂಡರ್ ಓಡ್ತಿತ್ತು. ಅವ್ರು ಏಳ್ಬುಟ್ಟು ಒಂಟೋದ್ರು. ತೆಳು ಪೈಪಿಗೆಲ್ಲ ಕಾವು ಬ್ಯಾಡ ಅಂತ ಅವ್ರೇ ಎಷ್ಟೋ ಸಲ ಏಳವ್ರೆ. ಮೇಸ್ತ್ರಿಗಿಂತ ನಾನು ದೊಡ್ಡೋನಾ?"

ವಾರದೊಳಗೆ ಶಿವಲಿಂಗುವನ್ನೂ ಕಂಡೆ. ತಲೆ ಬೋಳಿಸಿಕೊಂಡಿದ್ದ. ಕೂರಿ ಎಂದರೂ ಕೂರಲಿಲ್ಲ.

"ಬ್ಯಾಡ ಅಂದ್ನಂತಾ ನಾನು? ನನ್ ಬಾಯಾಗೆ? ಕಾವು ಕೊಡು ಅಂತಾನೇ ಏಳಿದ್ದು ನಾನು. ಸತ್ತಿರೋನು ನನ್ ತಮ್ಮ ಕಣಮ್ಮ! ನನ್ ತಮ್ಮ ಕೆಳಗ್ ನಿಂತ್ಕೊಳೋ ಪೈಪಿಗೆ ನಾನು ಕಾವು ಬ್ಯಾಡ ಅಂತೀನಾ? ಆ ನನ್ ಮಗ ಸುಳ್ಳು ಬೊಗಳ್ತಾವ್ನೆ. ಒಂದು ಕೈ ಮುರ್ದಿದ್ದು ಸಾಲ್ದು ಅವ್ನಿಗೆ."

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಯಾರ ಮಾತನ್ನೂ ನಂಬದೆ ತಟಸ್ಥಳಾಗಿದ್ದೆನೆಂದು ನನ್ನ ನೆನಪು. ದಿನಚರಿಯಲ್ಲಿ ಮಾತ್ರ ಆ ಸಂಜೆ ಬೇರೆಯೇ ಬರೆದಿದ್ದೇನೆ: 'ಶಿ. ಜೋರು ಮಾಡಿದಷ್ಟೂ ಅನುಮಾನ ಹೆಚ್ಚುತ್ತದೆ.' ತಟಸ್ಥರು ಹೀಗೆ ಬರೆಯುವುದಿಲ್ಲ.

ವೇಗ ಅಳೆಯಲು ಇದ್ದ ದಾರಿ ಒಂದೇ. ಅದೇ ಶೆಡ್ಡಿನಲ್ಲಿ, ಅದೇ ಉಕ್ಕಿನ ಇನ್ನೊಂದು ತುಂಡಿನ ಮೇಲೆ ಆ ಬೆಸುಗೆಯನ್ನು ಮತ್ತೆ ಹಾಕಿಸಿ, ತಾಪ ಅಳೆಯುವ ತಂತಿಗಳನ್ನು ಅಂಟಿಸಿ ನೋಡುವುದು. ಮಹದೇವನ ಕೈ ಮುರಿದಿದ್ದರಿಂದ ಅವನು ಪಕ್ಕದಲ್ಲಿ ನಿಂತು ವೇಗ ಹೇಳಬೇಕು, ಹೊಸದಾಗಿ ಸೇರಿದ್ದ ಕುಮಾರ ಎಂಬ ವೆಲ್ಡರ್ ಕೈ ಆಡಿಸಬೇಕು. ಮೇಸ್ತ್ರಿಯೂ ಇರಬೇಕೆಂದು ನಾನು ಕೇಳಿದೆ. ಅಧಿಕಾರಿ ಒಪ್ಪಿದರು. ಇಬ್ಬರು ಪೊಲೀಸರನ್ನೂ ಕರೆತಂದರು.

ಮಧ್ಯಾಹ್ನ ಶೆಡ್ಡು ಕಾದ ಬಾಣಲೆಯಂತಿತ್ತು. ಮಹದೇವ ಬಾಗಿಲು ದಾಟುತ್ತಲೇ ಶಿವಲಿಂಗು ಅವನ ಮೇಲೆ ಹಾರಿದ. ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ತಿರುಚಿದ. ಮಹದೇವ ಕಿರುಚಿದ ಸದ್ದು ಶೀಟಿಗೆ ಬಡಿದು ವಾಪಸು ಬಂತು. ಪೊಲೀಸರು ಇಬ್ಬರೂ ಸೇರಿ ಎಳೆದರೂ ಶಿವಲಿಂಗುವಿನ ಕಾಲು ಆಡುತ್ತಲೇ ಇತ್ತು, ಮಹದೇವನ ಪಕ್ಕೆಗೆ, ತೊಡೆಗೆ. ಬಿಡಿಸಿದ ಮೇಲೆ ಮಹದೇವನ ಬಾಯಿಂದ ರಕ್ತ ಇಳಿಯುತ್ತಿತ್ತು. ಎಡಗೈಯಲ್ಲಿ ಒರೆಸಿಕೊಂಡು ನನಗೆ ಹೇಳಿದ: "ಸುರು ಮಾಡ್ಸಿ ಮೇಡಂ. ಇದು ಮುಗೀಲಿ."

"ಅಣ್ಣ, ಸಾಮಾನೆಲ್ಲ ಇಲ್ಲಿಂದ ಎತ್ತಿಡ್ಸಿ," ಎಂದು ಕುಮಾರ ಪೊಲೀಸರಿಗೆ ಮೇಜಿನ ಮೇಲಿದ್ದ ಸುತ್ತಿಗೆ, ಪೈಪು ತೋರಿಸಿದ. "ನಾನು ಓದ್ ವಾರ ಸೇರಿರೋನು. ನನ್ ಕೈ ಎರಡೂ ಬೇಕು ನಂಗೆ."

ನಾನು ಶಿವಲಿಂಗುವನ್ನು ಶೆಡ್ಡಿನ ಇನ್ನೊಂದು ಕೊನೆಗೆ ಕರೆದು ಹೇಳಿದೆ: "ಅವತ್ತು ಏನು ಹೇಳಿದ್ರಿ ಅಂತ ಕೇಳೋದಿಲ್ಲ. ನೆನಪು ಮಾಡ್ಕೊಳ್ಳೋದೂ ಬೇಡ. ಮೇಸ್ತ್ರಿಯಾಗಿ ಕೆಲಸ ಮಾಡಿಸಿ ಅಷ್ಟೆ. ನಿಮಗೆ ಕಾವು ಬೇಕು, ಹೊತ್ತಾಗಿದೆ, ಹೆಡರ್ ಒಯ್ಯೋ ಗಾಡಿ ಕಾಯ್ತಾ ಇದೆ." ಗ್ರೈಂಡರ್ ಓಡಿಸಲು ಹೇಳಿದೆ. ಅವತ್ತು ಸದ್ದು ಇದ್ದದ್ದರಿಂದ ಇವತ್ತೂ ಇರಲಿ ಎಂದಷ್ಟೇ ನನ್ನ ಯೋಚನೆ. ಇದರಲ್ಲಿ ಜಾಣತನವೇನೂ ಇರಲಿಲ್ಲ.

ಗ್ರೈಂಡರ್ ಕೂಗತೊಡಗಿತು. ಕಿಡಿ ಹಾರಿತು. ಕುಮಾರ ಟಾರ್ಚ್ ಹೊತ್ತಿಸಿ ನೀಲಿ ಜ್ವಾಲೆಯನ್ನು ಜೋಡಣೆಯ ಸುತ್ತ ಆಡಿಸತೊಡಗಿದ. ಬಣ್ಣದ ಕಡ್ಡಿ ಗೀಚಿದ, ಇನ್ನೂ ಕರಗಲಿಲ್ಲ. ಶಿವಲಿಂಗು ಶೆಡ್ಡಿನ ಆ ಕೊನೆಯಿಂದ ದಾಪುಗಾಲು ಹಾಕುತ್ತಾ ಬಂದ. ಸಿಟ್ಟು ಇಳಿದಿರಲಿಲ್ಲ. ಆದರೆ ಕೆಲಸದ ಗತ್ತು ಮೈಗೆ ಬಂದಿತ್ತು. ನಿಲ್ಲದೆ, ನಡೆಯುತ್ತಲೇ, ಕೈ ಬೀಸಿ ಕೂಗಿದ.

"ಕಾವ್ ಬುಡ್ಲಾ, ಒತ್ತಾಯ್ತು!"

ಕುಮಾರ ಟಾರ್ಚ್ ಆರಿಸಿದ. ಕೆಳಗಿಟ್ಟ. ವೆಲ್ಡಿಂಗ್ ರಾಡು ಎತ್ತಿಕೊಂಡ.

ಶಿವಲಿಂಗು ಹಿಂತಿರುಗಿ ನೋಡಿದ. "ಏಯ್, ಯಾಕ್ಲಾ ಆರ್ಸ್ದೆ? ಬುಡು ಅಂದ್ನಲ್ಲಾ!"

"ಬುಟ್ನಲ್ಲಣ್ಣ!"

"ಎಲ್ಲಿ ಬುಟ್ಟೆ? ಕೆಳಗಿಕ್ಕಿದ್ದೀಯಲ್ಲ ಬೋ..."

ಅಲ್ಲಿಗೆ ಅವನ ಮಾತು ನಿಂತಿತು. ಗ್ರೈಂಡರ್ ಓಡಿಸುತ್ತಿದ್ದವನು ಏನೂ ಗೊತ್ತಾಗದೆ ಇನ್ನೂ ಉಜ್ಜುತ್ತಲೇ ಇದ್ದ. ಪೊಲೀಸರಲ್ಲೊಬ್ಬ ಹೋಗಿ ಸ್ವಿಚ್ ಆರಿಸಿದ.

ಇದನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಗದ್ದೆಗೆ ನೀರು ಬುಡು ಎಂದರೆ ಹಾಯಿಸು. ಬೀಡಿ ಬುಡು ಎಂದರೆ ತ್ಯಜಿಸು. ನಾಲೆಯ ನೀರಿನಲ್ಲಿ ಬೆಳೆದ ಶಿವಲಿಂಗುವಿಗೆ ಕಾವು ಬುಡುವುದೆಂದರೆ ನೀರು ಬುಟ್ಟಂತೆಯೇ: ಹಾಯಿಸು, ಹೊತ್ತಾಯಿತು, ಚುರುಕಾಗಿ ಹಾಯಿಸು. ಟಾರ್ಚ್ ಹಿಡಿದು ಕೂತವನಿಗೆ, ಹೊತ್ತಾಯಿತು ಎಂಬ ಮಾತಿನ ಪಕ್ಕದಲ್ಲಿ, ಅದು ಕೇಳಿಸುವುದು ಸಾಕು ಬಿಡು ಎಂದು. ಪುಟ್ಟಸ್ವಾಮಿ ಕೊನೆಯದಾಗಿ ಕೂಗಿದ್ದೂ ಇದೇ ಮಾತು. ಅವನು ಹೇಳಿದ್ದು ಮೇಲಿನವರಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಆಡಿದ ಮಾತನ್ನು ಇಬ್ಬರೂ ಮರೆತು, ಅದರ ಅರ್ಥವನ್ನು ಮಾತ್ರ ಇಟ್ಟುಕೊಂಡಿದ್ದರು. 'ಬ್ಯಾಡ ಅಂದ್ರು' ಎಂದು ಒಬ್ಬ. 'ಕೊಡು ಅಂದೆ' ಎಂದು ಇನ್ನೊಬ್ಬ. ನಾನು ಕೇಳಿದ್ದೂ ಏನಾಯಿತು ಎಂದೇ ಹೊರತು, ಯಾವ ಪದ ಎಂದಲ್ಲ.

ಶಿವಲಿಂಗು ಜೋಡಣೆಯ ಹತ್ತಿರ ಬಂದ. ಮೇಜಿನ ಮೇಲೆ ಸುತ್ತಿಗೆ ಇನ್ನೂ ಇತ್ತು. ಪೊಲೀಸರು ಮಹದೇವನಿಗೆ ಅಡ್ಡ ನಿಂತರು. ಆದರೆ ಶಿವಲಿಂಗು ಅವನ ಕಡೆ ನೋಡಲೇ ಇಲ್ಲ. ಗ್ಲೌಸ್ ಇಲ್ಲದ ಬಲಗೈಯನ್ನು, ಜ್ವಾಲೆ ಆಗತಾನೆ ಆಡಿದ್ದ ಉಕ್ಕಿನ ಮೇಲೆ ಊರಿದ. ಊರಿ ಅದುಮಿದ.

"ಇಷ್ಟೇ ಇತ್ತಾ?" ಎಂದ ಮಹದೇವನಿಗೆ. "ಅವತ್ತು ಕಾವು ಇಷ್ಟೇ ಇತ್ತೇನ್ಲಾ?"

ಚರ್ಮ ಸುಡುವ ವಾಸನೆ ಬಂತು. ಯಾರ ಕೈಕಾಲೂ ಆಡಲಿಲ್ಲ. ನನ್ನವೂ ಆಡಲಿಲ್ಲ. ಅಂಟಿಸಿದ್ದ ತಂತಿಗಳು ತಾಪವನ್ನು ಓದುತ್ತಲೇ ಇದ್ದವು, ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಗೆರೆ ಸ್ವಲ್ಪವೇ ಕೆಳಗೆ ಬಾಗಿತು. ಒಬ್ಬ ಮನುಷ್ಯನ ಅಂಗೈ ಕುಡಿದ ಶಾಖ ಅಷ್ಟು. ಮೊದಲು ಮುಂದೆ ಬಂದವನು ಮಹದೇವ. ಎಡಗೈಯಿಂದ ಶಿವಲಿಂಗುವಿನ ರಟ್ಟೆ ಹಿಡಿದು ಎಳೆದ. ಅವನು ಬರಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನೂ ಅವನ ಎದೆಗೆ ಅಡ್ಡ ಕೊಟ್ಟು, ಇಡೀ ಮೈ ಭಾರ ಹಾಕಿ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಅಂಗೈಯ ತೊಗಲು ಸ್ವಲ್ಪ ಉಕ್ಕಿನ ಮೇಲೆ ಉಳಿಯಿತು.

ವರದಿಯಲ್ಲಿ ಎರಡನ್ನೂ ಬರೆದೆ: ಕಾವು ಕೊಟ್ಟಿರಲಿಲ್ಲ, ಮತ್ತು ಕಾವಿನ ಬಗ್ಗೆ ಆಡಿದ ಮಾತಿಗೆ ಎರಡು ಅರ್ಥವಿತ್ತು. ಬಣ್ಣದ ಕಡ್ಡಿ ಕರಗಿತೇ ಎಂದು ಇನ್ನೊಬ್ಬರು ನೋಡಿ ಸಹಿ ಹಾಕುವ ಪದ್ಧತಿ ಆ ಶೆಡ್ಡಿನಲ್ಲಿ ಇರಲಿಲ್ಲ, ಅದನ್ನು ಮಾಡಬೇಕಾದವರು ಮಾಲೀಕರು ಎಂದೂ ಸೇರಿಸಿದೆ. ಕಚೇರಿಯ ಟೈಪಿಸ್ಟ್ ನನ್ನ 'ಬುಡು'ವನ್ನು ತಪ್ಪೆಂದು ಭಾವಿಸಿ 'ಬಿಡು' ಎಂದು ತಿದ್ದಿದ್ದ. ವಾಪಸು ಕಳಿಸಿ ಸರಿಪಡಿಸಿದೆ. ಬಹಳ ಕಾಲದ ಮೇಲೆ ಮಹದೇವನನ್ನು ಆರೋಪದಿಂದ ಕೈಬಿಟ್ಟರೆಂದು ಕೇಳಿದೆ. ಅವನ ಬಲಗೈ ಮಾತ್ರ ರಾಡು ಹಿಡಿಯುವಷ್ಟು ನೆಟ್ಟಗಾಗಲಿಲ್ಲ. ಶಿವಲಿಂಗು ಕೆರಗೋಡಿಗೆ ಹಿಂತಿರುಗಿ ಗದ್ದೆ ನೋಡಿಕೊಂಡಿದ್ದಾನೆ.

ಸಾಫ್ಟ್‌ವೇರಿಗೆ ನಾನು ನಡೆಯುವ ಶಾಖವನ್ನು ಬರೆದು ಕೊಡುವಾಗ ಅದು ಎಲ್ಲವನ್ನೂ ಕೇಳುತ್ತದೆ. ಎಲ್ಲಿಂದ, ಎಷ್ಟು, ಯಾವ ಕಡೆಗೆ. ಒಂದು ಬಿಟ್ಟುಹೋದರೂ ಓಡುವುದಿಲ್ಲ. ಮನುಷ್ಯರ ಕಿವಿ ಬಿಟ್ಟುಹೋದದ್ದನ್ನು ತಾನೇ ತುಂಬಿಕೊಂಡು ಓಡುತ್ತದೆ. ಅಂದಿನಿಂದ ಯಾವ ಅಪಘಾತದ ಸಾಕ್ಷಿಯನ್ನೂ ನಾನು 'ಏನು ಹೇಳಿದರು' ಎಂದು ಕೇಳಿ ಸುಮ್ಮನಾಗುವುದಿಲ್ಲ. ಅವರು ಹೇಳಿದ ಹಾಗೇ, ಅದೇ ದನಿಯಲ್ಲಿ, ಹೇಳಿ ತೋರಿಸಿ ಎನ್ನುತ್ತೇನೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಒಂದು ಮಾತ್ರ ನನಗೂ ಖಚಿತವಿಲ್ಲ. ನೆಲದ ಮೇಲೆ ಬಿದ್ದಿದ್ದಾಗ ಶಿವಲಿಂಗು ಮಹದೇವನ ಅಂಗಿಯನ್ನು ಆ ಸುಟ್ಟ ಕೈಯಲ್ಲೇ ಮುಷ್ಟಿ ಕಟ್ಟಿ ಹಿಡಿದಿದ್ದ. ಮಹದೇವ ಅವನ ಕಿವಿಯ ಹತ್ತಿರ ಏನೋ ಅಂದ. ಅಂಗಿಯನ್ನೋ, ನಡೆದದ್ದನ್ನೋ, ಯಾವುದನ್ನು ಹೇಳಿದನೆಂದು ನನ್ನ ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ. ದಿನಚರಿಯಲ್ಲಿ ಅರ್ಥ ಬರೆದಿಲ್ಲ. ಕಿವಿಗೆ ಬಿದ್ದ ಪದ ಮಾತ್ರ ಇದೆ:

"ಬುಡಣ್ಣ. ಬುಡು."